ಹದಿನೇಳು ಬಿಲ್ಲೆ

ಎಡಗಡೆ ಕಿರುಬೆರಳು ತೂರುವಷ್ಟು ಸಂದು, ಬಲಗಡೆ ಕಾಗದವೂ ಹೋಗದಷ್ಟು ಬಿಗಿ. ಪುಣೆಯ ಖಡಕಿಯಿಂದ ಹೊರಟ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಗೂಳಪ್ಪನ ಕಣ್ಣ ಮುಂದೆ ಇದ್ದದ್ದು ರಸ್ತೆಯಲ್ಲ, ಆ ಹಳೆಯ ಪ್ಲಿಮತ್ ಕಾರಿನ ಮೂತಿ. ಮೂರು ದಿನದಿಂದ ಅದೇ ಹಾಡು. ಬಾನೆಟ್ಟು ಇಳಿಸಿದರೆ ಎಡಕ್ಕೆ ಬಾಯಿ ಬಿಡುತ್ತದೆ, ಬಲಕ್ಕೆ ಮಡ್‌ಗಾರ್ಡಿಗೆ ತಾಗಿ ಕಿರ್ರೆನ್ನುತ್ತದೆ. ಒಂದು ಕಡೆ ಸರಿಮಾಡಿದರೆ ಬಾಗಿಲ ಹತ್ತಿರ ಇನ್ನೊಂದು ಕಡೆ ಹಾಳಾಗುತ್ತದೆ. "ಪುಢೇ ಸರಕಾ, ಕಾಕಾ" ಎಂದು ಕಂಡಕ್ಟರು ಭುಜ ತಟ್ಟಿದ. ಅರವತ್ತೊಂದು ವರ್ಷದವನನ್ನು ಕಾಕಾ ಎನ್ನದೆ ಇನ್ನೇನೆನ್ನಬೇಕು, ಆದರೂ ಗೂಳಪ್ಪನ ಮೈ ಉರಿಯಿತು. ಮುಂದೆ ಎಲ್ಲಿಗೆ ಸರಿಯಬೇಕು, ಡ್ರೈವರನ ತೊಡೆಯ ಮೇಲೆ ಕೂಡಬೇಕೇ? ಈಗೀಗ ಎಲ್ಲದಕ್ಕೂ ಸಿಟ್ಟು. ಮೊಬೈಲಿನಲ್ಲಿ ಜೋರಾಗಿ ಭಜನೆ ಹಚ್ಚಿಕೊಂಡ ಮುದುಕನ ಮೇಲೆ, ಬ್ಯಾಗು ಬೆನ್ನಿಗೇ ಬಿಟ್ಟುಕೊಂಡು ತಿರುಗುವ ಕಾಲೇಜು ಹುಡುಗಿಯ ಮೇಲೆ, ಬೆಳಗ್ಗೆ ಒಂದೂ ಮಾತಾಡದೆ ಬುತ್ತಿ ಕೈಗಿಟ್ಟ ಹೆಂಡತಿ ಭೀಮವ್ವನ ಮೇಲೆ. ಆದರೆ ಈ ಸಿಟ್ಟುಗಳೆಲ್ಲ ಊರು ಸುತ್ತಿ ಕೊನೆಗೆ ಒಬ್ಬನ ಹೆಸರಿಗೇ ಬಂದು ನಿಲ್ಲುತ್ತಿದ್ದವು. ಮಾಂತು. ಭೀಮವ್ವನ ಖಾಸಾ ತಮ್ಮ. ಗೂಳಪ್ಪನೇ ಅವನ ಕೈಹಿಡಿದು ತಾನು ದುಡಿಯುವ ಗ್ಯಾರೇಜಿಗೆ ತಂದು ಸೇರಿಸಿದ್ದ, ಐದು ತಿಂಗಳ ಹಿಂದೆ ಇವನೇ ಕತ್ತು ಹಿಡಿದು ಹೊರಗೆ ಹಾಕಿಸಿದ್ದ. ಹಾಕಿಸಿದ್ದು ತಪ್ಪೇ? ಅವನು ಮಾಡಿದ ಹೊಲಸನ್ನು ಇವತ್ತಿಗೂ ತೊಳೆಯುತ್ತಿರುವವನು ಯಾರು?

ಹೊಲಸು ಎಂದರೆ ಹದಿನೇಳು ಬಿಲ್ಲೆ. ಕಾರಿನ ಬಾಡಿಯನ್ನು ಚಾಸಿಯ ಉಕ್ಕಿನ ಚೌಕಟ್ಟಿನ ಮೇಲೆ ನೇರ ಕೂಡಿಸುವುದಿಲ್ಲ. ನಡುವೆ ರಬ್ಬರಿನ ದಿಂಬು, ಅದರ ಕೆಳಗೆ ತೆಳ್ಳನೆಯ ಕಬ್ಬಿಣದ ಬಿಲ್ಲೆಗಳು. ಚಾಸಿ ತಗ್ಗಿದಲ್ಲಿ ಒಂದು ಬಿಲ್ಲೆ ಜಾಸ್ತಿ, ಉಬ್ಬಿದಲ್ಲಿ ಒಂದು ಕಡಿಮೆ. ಎಪ್ಪತ್ತು ವರ್ಷದಲ್ಲಿ ಆ ಗಾಡಿ ಯಾವ ಗೋಡೆಗೆ ಗುದ್ದಿತ್ತೋ, ಯಾವ ಹೊಂಡದಲ್ಲಿ ಇಳಿದಿತ್ತೋ, ಅದರ ಸೊಟ್ಟನ್ನೆಲ್ಲ ಹಿಂದಿನ ಯಾವನೋ ಪುಣ್ಯಾತ್ಮ ಬಿಲ್ಲೆ ಹಾಕಿ ಹಾಕಿ ಸರಿದೂಗಿಸಿದ್ದ. ಮುಂಭಾಗದಲ್ಲಿ ಅಂಥ ಜಾಗ ಆರು. ಬಿಲ್ಲೆ ಹದಿನೇಳು, ಒಂದರ ದಪ್ಪ ಇನ್ನೊಂದಕ್ಕಿಲ್ಲ. ಖಡಕಿಯ ಮಿಲಿಟರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರನಾಗಿದ್ದ ಗೂಳಪ್ಪನಿಗೆ ಪಾನಾ ಹಿಡಿದು ಬೋಲ್ಟು ಬಿಚ್ಚುವ ಕೆಲಸ ಹೇಗೆ ಮಾಡಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದೊಂದು ಜಾಗದ ಬೋಲ್ಟು, ವಾಶರು, ರಬ್ಬರು, ಬಿಲ್ಲೆ ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ತಂತಿಗೆ ಪೋಣಿಸಿ, ಮೊದಲ ಜಾಗಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ ಗಂಟು ಹಾಕಿ ಡಬ್ಬಿಯಲ್ಲಿಟ್ಟಿದ್ದ. ಲೆಕ್ಕ ಬರೆದಿಟ್ಟುಕೊಂಡಿರಲಿಲ್ಲ. ತಂತಿಯೇ ಲೆಕ್ಕ. ದೀಪಾವಳಿಯ ಮರುವಾರ ಮಡ್‌ಗಾರ್ಡುಗಳು ಪ್ರೈಮರ್ ಬಳಿದುಕೊಂಡು ಬಂದಾಗ ಡಬ್ಬಿಯ ಮುಚ್ಚಳ ತೆಗೆದರೆ ಒಂದೂ ತಂತಿ ಇಲ್ಲ, ಎಲ್ಲವೂ ಚುರುಮುರಿ ಕಲಸಿದಂತೆ ಬಿದ್ದಿವೆ. ಅದಕ್ಕೆ ನಾಲ್ಕು ದಿನ ಮುಂಚೆ ಆ ಡಬ್ಬಿಯಲ್ಲಿ ಕೈಯಾಡಿಸುತ್ತ ಯಾವುದೋ ಬೋಲ್ಟು ಹುಡುಕುತ್ತಿದ್ದವನು ಮಾಂತು. ಕಣ್ಣಾರೆ ಕಂಡದ್ದು. ಇನ್ನೇನು ಬೇಕು? "ಇವನ ಕೆಲಸ ಇದು, ಇವನಿದ್ದಲ್ಲಿ ನಾ ಪಾನಾ ಹಿಡಿಯೂದಿಲ್ಲ" ಎಂದು ಗೂಳಪ್ಪ ಎಲ್ಲರೆದುರು ಕೂಗಿದ್ದ. ಮಾಂತು ಗೋಡೆಗೆ ಆತು ನಿಂತಿದ್ದ. "ನಾ ಕಲಸಿಲ್ರಿ ಮಾಮಾ" ಎಂದಷ್ಟೇ ಅಂದಿದ್ದ, ಅದೂ ನೆಲ ನೋಡಿಕೊಂಡು. ನೆಲ ನೋಡುವವನನ್ನು ನಂಬುವುದು ಹೇಗೆ ಎಂದು ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಗೂಳಪ್ಪ ತನಗೆ ತಾನೇ ಹತ್ತು ಸಲ ಹೇಳಿಕೊಂಡಿದ್ದ.

ಕೊಂಢವಾ ಸ್ಟಾಪಿನಲ್ಲಿಳಿದು, ಹೊಸ ಕಟ್ಟಡವೊಂದರ ಸಿಮೆಂಟು ಧೂಳಿನಲ್ಲಿ ಮೂಗು ಮುಚ್ಚಿಕೊಂಡು ದಾಟಿ, ತಗಡಿನ ಗ್ಯಾರೇಜಿಗೆ ಬಂದರೆ ಮಾಲೀಕ ಸುಖೇಶ್ ಆಗಲೇ ಬಂದು ಕಾರಿನ ಮುಂದೆ ನಿಂತಿದ್ದ. ಉಡುಪಿ ಕಡೆಯವನು, ಅಪ್ಪನಿಗೆ ಕೋಥರೂಡದಲ್ಲಿ ಹೋಟೆಲು. ಮಗನಿಗೆ ಇಡ್ಲಿಗಿಂತ ಹಳೆಯ ಕಾರಿನ ಹುಚ್ಚು. ಕೆಟ್ಟ ಮನುಷ್ಯನಲ್ಲ. ಆದರೆ ಕೈಯಲ್ಲಿ ಯಾವಾಗಲೂ ಮೊಬೈಲು, ಮೊಬೈಲಿನಲ್ಲಿ ಯಾವಾಗಲೂ ಯಾವನೋ ಬಿಳಿಯ ಗಡ್ಡದವನ ವೀಡಿಯೋ.

"ಗೂಳಪ್ಪಣ್ಣ, ಇದು ನೋಡಿ. ಇವ ಎರಡೂ ಬದಿಗೆ ಸಮ ಸಮ ಹಾಕ್ತಾನೆ. ಮೂರು ಮೂರು. ಮೂವತ್ತು ನಿಮಿಷದಲ್ಲಿ ಬಾನೆಟ್ ಕೂತಿತು."

"ಅವನ ಚಾಸಿ ನೆಟ್ಟಗ ಅದ್ರಿ ಶೇಠ್ರಿ. ನಮ್ಮದು ಸೊಟ್ಟ ಅದ."

"ಮೂರು ದಿನದಿಂದ ನೀವು ಅದೇ ಹೇಳೋದು ಮಾರಾಯ್ರೆ. ನಾಲ್ಕು ಗಂಟೆಗೆ ಕೇತಕಿ ಮೇಡಂ ಬರ್ತಾರೆ, ಅವರ ಅಜ್ಜನ ಗಾಡಿ, ಮುಂಭಾಗ ಆಯ್ತು ಅಂತ ನಾನು ಹೇಳಿ ಆಗಿದೆ. ನಿಮ್ಮಿಂದ ಆಗುದಿಲ್ಲವಾದರೆ ಹೇಳಿ, ಭೋಸರಿಯಿಂದ ಬೇರೆ ಯಾರನ್ನಾದರೂ ಕರೆಸುವ. ಬೇಜಾರಿಲ್ಲ."

ಬೇಜಾರಿಲ್ಲವಂತೆ. ಗೂಳಪ್ಪ ಹಲ್ಲು ಕಚ್ಚಿಕೊಂಡು ಕೆಲಸದ ಕೋಟಿನ ಗುಂಡಿ ಹಾಕಿಕೊಂಡ. ಕಾರ್ಖಾನೆಯಲ್ಲಿ ತೋಪಿನ ಗಾಲಿ ಕೂಡಿಸಿದ ಕೈಗೆ ಒಂದು ಬಾನೆಟ್ಟು ಕೂಡಿಸಲು ಭೋಸರಿಯಿಂದ ಜನ ಬರಬೇಕು. ಕಾರಿನ ಅಡಿಗೆ ಹಲಗೆ ಸರಿಸಿ ಮಲಗಿ, ಮುಂದಿನ ಎಡಗಡೆಯ ಬೋಲ್ಟು ಸಡಿಲಿಸಿ, ಜಾಕು ಏರಿಸಿ, ಎರಡು ಬಿಲ್ಲೆ ತೆಗೆದು ಮೂರು ಹಾಕಿ, ಇಳಿಸಿ, ಎದ್ದು ಬಂದು ಬಾನೆಟ್ಟು ಮುಚ್ಚಿ ನೋಡಿದ. ಕಿರ್ರ್. ಮತ್ತೆ ಅಡಿಗೆ. ಸೊಂಟದ ಎಲುಬು ಕಟಕಟ ಎನ್ನುತ್ತಿತ್ತು. ಮತ್ತೆ ಮೇಲೆ. ಕಿರ್ರ್. ಪ್ರತಿ ಸಲ ಆ ಸದ್ದಿಗೆ ಮಾಂತುವಿನ ಹೆಸರು ಹಿಡಿದು ಒಂದು ಬೈಗಳು. ಬೈದು ಬೈದು ಹಳತಾಗಿ ಬೈಗಳಿಗೂ ಖಾರ ಉಳಿದಿರಲಿಲ್ಲ. ಮೊನ್ನೆ ಪಕ್ಕದ ಕಟ್ಟಡದಲ್ಲಿ ಅವನನ್ನು ಕಂಡದ್ದು ನೆನಪಾಯಿತು: ಎರಡನೇ ಅಂತಸ್ತಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಬ್ಬಿಣದ ಸಳಿಗೆ ತಂತಿ ಕಟ್ಟುತ್ತಿದ್ದ. ತಗಡು ನೆಗ್ಗಿದ್ದನ್ನು ಬೆನ್ನ ಹಿಂದಿನಿಂದ ಬಡಿದು ಕನ್ನಡಿ ಮಾಡುವ ಕೈ ಅದು, ಪುಣೆಯಲ್ಲಿ ಅಂಥ ಡೆಂಟರ್ ಹತ್ತು ಜನ ಸಿಗಲಿಕ್ಕಿಲ್ಲ. ಸಿಗದಿದ್ದರೆ ಸಿಗದಿರಲಿ. ಮಾಡಿದ್ದುಣ್ಣಲಿ. ಅವನು ಹಾಗೆ ಕೂತದ್ದನ್ನು ಕಂಡು ಗೂಳಪ್ಪ ಆ ಸಂಜೆ ಬೇರೆ ಗಲ್ಲಿಯಿಂದ ಸುತ್ತುಹಾಕಿ ಬಸ್ಸು ಹಿಡಿದಿದ್ದ. ಯಾಕೆ ಸುತ್ತಬೇಕಿತ್ತು, ಹೆದರಿಕೆ ತನಗೆ ಯಾರದು? ಮನೆಗೆ ಹೋದರೆ ಭೀಮವ್ವ ದಿನದಂತೆ ಅದೊಂದೇ ಮಾತು ಕೇಳಿದ್ದಳು: "ಬಾನೆಟ್ ಕುಂತಿತೇನ್ರಿ?" ಮೂರು ದಿನದ ಮಾತಲ್ಲ ಇದು. ತಮ್ಮನ ಕೆಲಸ ಹೋದಂದಿನಿಂದ, ಕಾರು ಬಣ್ಣಕ್ಕೆ ಹೋಗಿದ್ದ ತಿಂಗಳುಗಳಲ್ಲೂ, ಬಾನೆಟ್ಟೇ ಇಲ್ಲದ ಕಾಲದಲ್ಲೂ, ವಾರಕ್ಕೆರಡು ಸಲವಾದರೂ ರೊಟ್ಟಿ ತಟ್ಟುತ್ತ ತಲೆಯೆತ್ತದೆ ಅದನ್ನೇ ಕೇಳುತ್ತಿದ್ದಳು. ತಮ್ಮನ ಪರ ವಹಿಸಿ ಜಗಳವಾಡಿದ್ದರೆ ಚೆನ್ನಾಗಿತ್ತು, ಇವನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದ. ಅವಳು ಜಗಳಕ್ಕೆ ಬರಲೇ ಇಲ್ಲ. ಬಾನೆಟ್ ಕುಂತಿತೇನ್ರಿ. ಚುಚ್ಚುವುದಾದರೆ ನೇರ ಚುಚ್ಚಬಾರದೇ ಎಂದು ಒಂದು ದಿನ ತಾಟು ತಳ್ಳಿ ಎದ್ದುಹೋಗಿದ್ದ. ಚೆಲ್ಲಿದ ಸಾರನ್ನು ಅವಳು ಒರೆಸಿ ಸುಮ್ಮನಾಗಿದ್ದಳು.

ಹನ್ನೊಂದರ ಹೊತ್ತಿಗೆ ಡಬ್ಬಿಯನ್ನು ಗೋಣಿಯ ಮೇಲೆ ಸುರುವಿ ಎಲ್ಲವನ್ನೂ ಮತ್ತೆ ಮೊದಲಿಂದ ವಿಂಗಡಿಸತೊಡಗಿದ. ರಬ್ಬರಿನ ದಿಂಬುಗಳಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಸೀಮೆಎಣ್ಣೆಯ ಜಿಗುಟು. ಉಗುರು ತೂರಿಸಿ ಬಿಡಿಸಿದರೆ ನಡುವೆ ಏನೋ ಒಣಗಿ ಕಂದಾಗಿದ್ದುದು ಪುಡಿಪುಡಿಯಾಗಿ ಅಂಗೈಗೆ ಬಿತ್ತು. ಊದಬೇಕೆಂದವನು ಊದಲಿಲ್ಲ. ಎಲೆಯ ಚೂರು. ನರದ ಗೆರೆ ಇನ್ನೂ ಇತ್ತು, ಅದರ ಮೇಲೆ ಕುಂಕುಮದ ಒಂದು ಕಲೆ. ವೀಳ್ಯದೆಲೆ. ಗ್ಯಾರೇಜಿನ ಡಬ್ಬಿಯಲ್ಲಿ ವೀಳ್ಯದೆಲೆ ಎಲ್ಲಿಂದ ಬಂತು ಎಂದು ಬೈಯಲು ಬಾಯಿ ತೆರೆದ, ಮಾಂತು ಎಲೆ ಹಾಕುವ ಚಟದವನಲ್ಲ ಎಂಬುದು ನೆನಪಾಗಿ ಬೈಗಳನ್ನು ನುಂಗಿಕೊಂಡ. ಕೈ ಮಾತ್ರ ತನ್ನಷ್ಟಕ್ಕೆ ಏನನ್ನೋ ಮಾಡುತ್ತಿತ್ತು: ಬಲಗೈ ಇಕ್ಕಳ ಹಿಡಿದಂತೆ ಮಡಿಚಿಕೊಂಡು, ಕತ್ತರಿಸಿದಂತೆ ಅದುಮಿ, ಬಿಟ್ಟಿತು. ಕಟ್ಟಿದ ಕಬ್ಬಿಣಕ್ಕ ಪೂಜಿ ಮಾಡಬಾರದು. ಇದು ಅಪ್ಪನ ಮಾತು. ಖಂಡೇನವಮಿಯ ಆಯುಧಪೂಜೆಗೆ ಅಪ್ಪ ಕುಡುಗೋಲು, ಕೊಡಲಿ, ಬಾವಿಯ ಗಾಲಿಯ ಸರಪಳಿ, ಎಲ್ಲದರ ಹಗ್ಗ ಬಿಚ್ಚಿ, ಕಟ್ಟು ಬಿಚ್ಚಿ, ತೊಳೆದು ಸಾಲಾಗಿ ಇಡುತ್ತಿದ್ದ. ವರ್ಷವೆಲ್ಲ ದುಡಿದದ್ದು ಒಂದು ದಿನ ಬಿಡುಗಡೆಯಾಗಿ ಕೂಡಲಿ ಎನ್ನುತ್ತಿದ್ದ. ಖಡಕಿಯ ಕಾರ್ಖಾನೆಯಲ್ಲೂ ಗೂಳಪ್ಪ ಮಷೀನಿನ ಪಟ್ಟಾ ಇಳಿಸದೆ ಆರತಿ ಎತ್ತಿದವನಲ್ಲ. ಮತ್ತು ಹೋದ ಖಂಡೇನವಮಿಯ ಬೆಳಗ್ಗೆ, ಇದೇ ಗೋಣಿಯ ಮೇಲೆ, ಸೀಮೆಎಣ್ಣೆಯ ಬೋಗುಣಿ ಮುಂದಿಟ್ಟುಕೊಂಡು, ಆರು ತಂತಿಗಳನ್ನು ಕಟ್ ಕಟ್ ಎಂದು ಕತ್ತರಿಸಿದ್ದು ಯಾರು? ತಂತಿಯ ಚೂರು ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂದಿತ್ತು. ಆ ರಕ್ತ ಬಾಯಿಗಿಟ್ಟು ಚೀಪಿದ ರುಚಿ ಕೂಡ ಈಗ ನಾಲಿಗೆಗೆ ಬಂತು. ಇಷ್ಟು ದಿನ ಎಲ್ಲಿ ಸತ್ತಿತ್ತು ಈ ನೆನಪು?

ಇಲ್ಲ, ನಾನು ಆಮೇಲೆ ಮತ್ತೆ ಪೋಣಿಸಿಟ್ಟೆ, ಪೋಣಿಸದೆ ಬಿಡುವವನೇ ಅಲ್ಲ ನಾನು, ಎಂದು ಗೂಳಪ್ಪ ತನ್ನ ಮೇಲೆಯೇ ರೇಗಿಕೊಂಡ. ಆಮೇಲೆ ಏನಾಯಿತು? ಆರತಿಯಾಯಿತು. ಸುಖೇಶ್ ಎಲ್ಲ ಗಿರಾಕಿಗಳೆದುರು ಅವನಿಗೆ ಶಾಲು ಹೊದಿಸಿದ. ಕೇತಕಿ ಮೇಡಂ ತಮ್ಮ ಅಜ್ಜನ ಕಾರಿನ ಪಕ್ಕ ನಿಂತು "ಕಾಕಾ, ತುಮ್ಹೀ ಪಣ ಯಾ ನಾ" ಎಂದು ಫೋಟೋಗೆ ಕರೆದರು. ಶಾಲು ಜಾರದಂತೆ ಒಂದು ಕೈಯಲ್ಲಿ ಹಿಡಿದು, ದಾರಿಗೆ ಅಡ್ಡವಿದ್ದದ್ದನ್ನೆಲ್ಲ ಇನ್ನೊಂದು ಕೈಯಲ್ಲಿ ಬಾಚಿ ಡಬ್ಬಿಗೆ ತಳ್ಳಿದ್ದ. ನಾಳೆ ಪೋಣಿಸಿದರಾಯಿತು. ಮರುದಿನ ದಸರೆ, ಅದರ ಮರುದಿನ ಭಾನುವಾರ, ಮೂರನೆಯ ದಿನ ಬೇರೆ ಗಾಡಿಯ ಕೆಲಸ. ಶಾಲಿನ ಬಿಸಿ ಒಂದು ವಾರ ಹೆಗಲ ಮೇಲಿತ್ತು. ಮರೆತದ್ದೇ? ಅಥವಾ ಮುಚ್ಚಳ ತೆಗೆದ ದಿನ ಒಂದು ಗಳಿಗೆ, ಬಾಯಿ ತೆರೆಯುವ ಮುಂಚಿನ ಒಂದೇ ಒಂದು ಗಳಿಗೆ, ಗೊತ್ತಾಗಿತ್ತೇ? ಗೊತ್ತಾಗುವ ಮೊದಲೇ ಕೂಗಿಬಿಟ್ಟಿದ್ದನೇ? ಅದನ್ನು ಈಗ ಯಾರನ್ನು ಕೇಳುವುದು. ಒಂದು ಬಿಲ್ಲೆ ಎತ್ತಿ ತಗಡಿನ ಗೋಡೆಗೆ ಬೀಸಿ ಒಗೆದ. ಢಣ್ ಎಂದು ಸದ್ದಾಗಿ ಅದು ಎಲ್ಲೋ ಉರುಳಿತು. ಆಮೇಲೆ ಅದನ್ನು ಹುಡುಕಲು ಕಾಲು ಗಂಟೆ ಹಿಡಿಯಿತು, ಬೆಂಚಿನ ಕೆಳಗೆ ಮೊಳಕಾಲೂರಿ, ಪೊರಕೆ ಕಡ್ಡಿ ಆಡಿಸಿ. ಹದಿನೇಳರಲ್ಲಿ ಒಂದು ಕಳೆದರೆ ಮುಗಿಯಿತಲ್ಲ.

ಅಲ್ಲಿ, ಬೆಂಚಿನ ಕೆಳಗಿನ ಕತ್ತಲಲ್ಲಿ, ಕೊನೆಯದೂ ನೆನಪಾಯಿತು. ಎಲೆ ತಂದವನು ಮಾಂತು. "ಮಾಮಾ, ಬಿಚ್ಚಿದ್ರ ಕಲಬೆರಕಿ ಆಗ್ತಾವ್ರಿ, ಒಂದೊಂದ ಎಲಿ ಮ್ಯಾಲ ಒಂದೊಂದ ಜಾಗಾದ್ದು ಇಡ್ರಿ" ಎಂದು ಆರು ವೀಳ್ಯದೆಲೆ ಒರೆಸಿ ಸಾಲಾಗಿ ಹಾಸಿಕೊಟ್ಟವನು ಅವನೇ. ಆ ಸಾಲು ಅವತ್ತು ಸುಖೇಶ್ ಹೊಡೆದ ಫೋಟೋದಲ್ಲಿ ಇರಲೇಬೇಕು. ಗೂಳಪ್ಪ ಬೆಂಚಿನ ಕೆಳಗಿನಿಂದ ಹೊರಗೆ ಬರಲಿಲ್ಲ. ಫೋಟೋ ಕೇಳದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇನ್ನೊಂದು ನಾಲ್ಕು ದಿನ ಒದ್ದಾಡಿದರೆ ಬಾನೆಟ್ಟು ಹೇಗೋ ಕೂಡುತ್ತದೆ, ಕೂಡದಿದ್ದರೆ ಭೋಸರಿಯವನು ಬರುತ್ತಾನೆ, ಮಾಂತು ಕಬ್ಬಿಣದ ಸಳಿ ಕಟ್ಟುತ್ತಿರುತ್ತಾನೆ. ಕೇಳಿದರೆ ಬಾನೆಟ್ಟು ಇವತ್ತೇ ಕೂಡುತ್ತದೆ, ಅದರ ಜೊತೆ ಎಲ್ಲವೂ ಹೊರಬೀಳುತ್ತದೆ. ತನ್ನ ಜಾಗದಲ್ಲಿ ಬೇರೆ ಯಾವನಾದರೂ ಹೀಗೆ ಯೋಚಿಸುತ್ತ ಕೂತಿದ್ದರೆ ಗೂಳಪ್ಪ ಅವನ ಮುಖಕ್ಕೆ ಉಗಿಯುತ್ತಿದ್ದ. ಅದು ಹೊಳೆದದ್ದೇ ತಲೆಯನ್ನು ಬೆಂಚಿಗೆ ಬಡಿಸಿಕೊಂಡು ಹೊರಗೆ ಬಂದ.

"ಶೇಠ್ರಿ, ಖಂಡೇನವಮಿ ಫೋಟೋ ಅದಾವೇನ್ರಿ ನಿಮ್ಮ ಮೊಬೈಲದಾಗ?"

"ಈಗೆಂತಕ್ಕೆ ಗೂಳಪ್ಪಣ್ಣ? ಶಾಲಿನ ಫೋಟೋ ಬೇಕಾ?" ಸುಖೇಶ್ ನಕ್ಕ. ನಗುತ್ತಲೇ ಬೆರಳು ಜಾರಿಸಿ ಹುಡುಕಿಕೊಟ್ಟ.

ಶಾಲಿನದ್ದು ಹನ್ನೆರಡು ಫೋಟೋ ಇದ್ದವು. ಹನ್ನೆರಡರಲ್ಲೂ ಗೂಳಪ್ಪ ಎದೆಯುಬ್ಬಿಸಿ ನಿಂತಿದ್ದ. ಪೂಜೆಯದು ಒಂದೇ ಒಂದು. ಅದನ್ನು ಹಿಗ್ಗಿಸಿದರೆ ಆರು ಎಲೆ, ಎಲೆಗಳ ಮೇಲೆ ಬಿಲ್ಲೆಗಳು ಒಂದರ ಪಕ್ಕ ಒಂದು, ಬಿಡಿಬಿಡಿಯಾಗಿ, ಒಂದೊಂದಕ್ಕೂ ಕುಂಕುಮ. ಐದು, ಒಂದು, ಮೂರು, ಎರಡು, ಎರಡು, ನಾಲ್ಕು. ಕೊನೆಯ ಎಲೆಯ ತುದಿಯನ್ನು ಸರಿಮಾಡುತ್ತಿರುವ ಒಂದು ಕೈ, ಮೊಣಕೈವರೆಗಷ್ಟೇ. ಸುತ್ತಿಗೆ ತಪ್ಪಿ ಬಿದ್ದು ತೋರುಬೆರಳ ಉಗುರು ಕಪ್ಪಾಗಿತ್ತು. ಮಾಂತುವಿನ ಕೈ.

ಎಷ್ಟೆಷ್ಟು ಎಂದು ತಿಳಿದ ಮೇಲೆ, ಫೋಟೋದಲ್ಲಿ ದಪ್ಪ ತೆಳು ನೋಡುತ್ತ, ಯಾವುದು ಎಲ್ಲಿಗೆ ಎಂಬುದು ಕಷ್ಟವಾಗಲಿಲ್ಲ. ಊಟ ಮಾಡದೆ ಕೆಲಸ ಮಾಡಿದ. ಮುಂದಿನ ಎಡಕ್ಕೆ ಐದು, ಬಲಕ್ಕೆ ಒಂದು. ಐದು ಮತ್ತು ಒಂದು! ಯಾವ ಬುದ್ಧಿವಂತನಾದರೂ ಹಾಗೆ ಹಾಕುತ್ತಿದ್ದನೇ, ಆದರೆ ಆ ಸೊಟ್ಟ ಚಾಸಿಗೆ ಬೇಕಾದದ್ದು ಅದೇ. ಒಂದೊಂದು ಬೋಲ್ಟು ಬಿಗಿಯುವಾಗಲೂ ಸಿಟ್ಟು ಹೆಚ್ಚುತ್ತಲೇ ಹೋಯಿತು, ಆದರೆ ಈಗ ಅದಕ್ಕೆ ಹೆಸರಿಡಲು ಬೇರೆಯವನ ಹೆಸರು ಸಿಗುತ್ತಿರಲಿಲ್ಲ. ಮೂರೂವರೆಗೆ ಎದ್ದು, ಕೈ ಒರೆಸಿ, ಬಾನೆಟ್ಟನ್ನು ಇಳಿಸಿದ. ಕಿರ್ರ್ ಇಲ್ಲ. ಟಪ್ ಎಂದು ಕೂತಿತು. ಎಡಕ್ಕೂ ಬಲಕ್ಕೂ ಒಂದೇ ಸಂದು, ಒಂದು ರೂಪಾಯಿ ನಾಣ್ಯ ಎರಡು ಕಡೆಯೂ ಸಮನಾಗಿ ಓಡಿತು. ಸುಖೇಶ್ ಚಪ್ಪಾಳೆ ತಟ್ಟಿದ. "ನಿಮ್ಮ ಕೈ ಅಂದ್ರೆ ಕೈ ಮಾರಾಯ್ರೆ! ಆ ಮಾಂತು ಹಾಳು ಮಾಡಿ ಹೋದದ್ದನ್ನು ನೀವಲ್ಲದೆ ಯಾರು ಸರಿ ಮಾಡ್ತಿದ್ದರು?"

"ಅಂವಲ್ರಿ. ಕಲಸಿದಾಂವ ನಾನಽ."

"ಎಂತ?"

"ಬಿಲ್ಲಿ ಕಲಸಿದಾಂವ ನಾ ಅದೀನ್ರಿ. ಪೂಜಿ ದಿನ ತಂತಿ ನಾನಽ ಕತ್ತರಿಸಿದ್ದೆ. ಅವನದೇನೂ ತಪ್ಪಿರಲಿಲ್ಲ."

ಗೂಳಪ್ಪ ಬೈಗಳಿಗೆ ಕಾದು ನಿಂತ. ಬೈದರೆ ಒಳ್ಳೆಯದಿತ್ತು. ಸುಖೇಶ್ ಮೊಬೈಲಿನಲ್ಲಿ ಬಾನೆಟ್ಟಿನ ಫೋಟೋ ಹೊಡೆಯುತ್ತಲೇ ಹೇಳಿದ: "ಅಯ್ಯೋ, ಐದು ತಿಂಗಳ ಹಿಂದಿನ ಕತೆ. ಈಗ ಕೂತಿತಲ್ಲ, ಬಿಡಿ."

"ಅವನ್ನ ಕೆಲಸದಿಂದ ತಗದ್ರೆಲ್ರಿ ನೀವು!"

"ನಾನಾ? ಇವನಿದ್ದರೆ ಪಾನಾ ಹಿಡಿಯುದಿಲ್ಲ ಅಂತ ಹೇಳಿದ್ದು ನೀವಲ್ವಾ? ನನಗೆ ಇಬ್ಬರೂ ಬೇಕಿತ್ತು. ಕರ್ಕೊಂಡು ಬನ್ನಿ ಬೇಕಾದರೆ, ಡೆಂಟಿಂಗ್ ಕೆಲಸ ರಾಶಿ ಉಂಟು." ಅಷ್ಟೇ. ಐದು ತಿಂಗಳು ಒಬ್ಬನ ಅನ್ನ, ಒಂದು ಮನೆಯ ಮಾತು ಎಲ್ಲವನ್ನೂ ಬಲಿ ತೆಗೆದುಕೊಂಡದ್ದು ಇಷ್ಟು ಸಸ್ತಾ ಆಗಿಹೋಯಿತು. ಗೂಳಪ್ಪನಿಗೆ ಅವನ ಕೈಯ ಮೊಬೈಲು ಕಸಿದು ನೆಲಕ್ಕೆ ಅಪ್ಪಳಿಸಬೇಕೆನಿಸಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ಕೇತಕಿ ಮೇಡಂ ಬರುವ ಮೊದಲೇ ಗೂಳಪ್ಪ ಚಪ್ಪಲಿ ಮೆಟ್ಟಿ ಹೊರಬಿದ್ದ.

ಪಕ್ಕದ ಕಟ್ಟಡದ ಮೆಟ್ಟಿಲಿಗೆ ಇನ್ನೂ ಕಟಾಂಜನವಿರಲಿಲ್ಲ. ಎರಡನೇ ಅಂತಸ್ತಿಗೆ ಏರುವಷ್ಟರಲ್ಲಿ ಉಸಿರು ಹತ್ತಿತು. ಮಾಂತು ಅದೇ ಜಾಗದಲ್ಲಿ ಕೂತು, ಸಳಿಗೆ ಸಳಿ ಕೂಡಿಸಿ ತಂತಿ ಸುತ್ತಿ, ಕೊಂಡಿಯಿಂದ ತಿರುವಿ ಗಂಟು ಬಿಗಿಯುತ್ತಿದ್ದ. ನೋಡಿ ಎದ್ದು ನಿಂತ. "ಮಾಮಾ, ನೀವ್ಯಾಕ ಏರಿ ಬಂದ್ರಿ? ಕರದಿದ್ರ ನಾನಽ ಇಳದ ಬರ್ತಿದ್ನೆಲ್ರಿ."

"ಬಾನೆಟ್ ಕುಂತಿತು."

"ಛಲೋ ಆತ್ರಿ."

"ಎಲಿ ಫೋಟೋ ನೋಡಿದೆ." ಮಾಂತು ಮತ್ತೆ ನೆಲ ನೋಡಿದ. ಆ ನೆಲ ನೋಡುವುದನ್ನು ಕಂಡು ಗೂಳಪ್ಪನ ಪಿತ್ತ ನೆತ್ತಿಗೇರಿತು. "ನಿನಗ ಗೊತ್ತಿತ್ತು! ಅವತ್ತಽ ಗೊತ್ತಿತ್ತು! ಮತ್ಯಾಕ ಬಾಯಿ ಬಿಡಲಿಲ್ಲ? ನಾಲಿಗಿ ಬಿದ್ದಿತ್ತೇನು ನಿಂದು?"

ಆಚೆ ಈಚೆ ಕೆಲಸದವರು ಕೈ ನಿಲ್ಲಿಸಿ ನೋಡಿದರು. ಬೈಯಿಸಿಕೊಳ್ಳುತ್ತಿದ್ದವನು ಮತ್ತೆ ಮಾಂತುವೇ, ನಾಲ್ಕು ಜನರೆದುರು, ಎರಡನೇ ಸಲ. ಗೂಳಪ್ಪನಿಗೆ ಅದು ತಿಳಿಯುವಷ್ಟರಲ್ಲಿ ಕೂಗಿ ಆಗಿತ್ತು.

"ಅಷ್ಟು ಮಂದಿ ಮುಂದ ಅಕ್ಕನ ಗಂಡಗ ಸುಳ್ಳ ಹೇಳ್ತೀರಿ ಅನ್ನಲೇನ್ರಿ?" ಮಾಂತು ಮೆಲ್ಲಗೆ ಹೇಳಿದ. "ಆಮ್ಯಾಲ ಮನಿಗಿ ಬಂದು ಹೇಳೂಣಂತ ಮಾಡಿದ್ದೆ. ಅಕ್ಕಗ ಮೊದಲ ಫೋನ್ ಹಚ್ಚಿದೆ. ಅಕಿ ಬ್ಯಾಡ ಅಂದ್ಲು."

"ಏನ ಬ್ಯಾಡ ಅಂದ್ಲು?"

"ಹೇಳಬ್ಯಾಡ, ಅವರಿಗೇ ನೆನಪಾಗಲಿ ಅಂದ್ಲರಿ. ಬಾನೆಟ್ ಕೂಡಸಾಕ ಹೋದಾಗ ನೆನಪಾಗೇ ಆಗ್ತದ ಅಂದ್ಲು."

ಕೆಳಗೆ ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಹಿಂದಕ್ಕೆ ಸರಿಯುತ್ತ ಕೂಗುತ್ತಿತ್ತು. ಗೂಳಪ್ಪ ಸಳಿಯ ರಾಶಿಯ ಮೇಲೆ ಕೂತ. ಐದು ತಿಂಗಳು ಅವಳು ಎದುರಿಗೆ ತಾಟು ಇಟ್ಟಿದ್ದಳು, ಬೆನ್ನಿಗೆ ಎಣ್ಣೆ ಹಚ್ಚಿದ್ದಳು. ಅವನು ಅವಳ ತಮ್ಮನನ್ನು ಕಳ್ಳ, ಕೈಗೇಡಿ, ಉಂಡ ಮನೆಗೆ ಎರಡು ಬಗೆದವನು ಎಂದದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಎಲ್ಲ ಗೊತ್ತಿದ್ದೂ ಕೇಳಿಸಿಕೊಂಡಿದ್ದಳು. ಮಾಂತು ಬಾಟಲಿಯಿಂದ ನೀರು ಕೊಟ್ಟ. ಕುಡಿದು, ಬಾಟಲಿ ತಿರುಗಿ ಕೊಡುತ್ತ, "ನಾಳಿಂದ ಕೆಲಸಕ್ಕ ಬಾ" ಎಂದ ಗೂಳಪ್ಪ. ತಪ್ಪಾಯಿತು ಎನ್ನಬೇಕೆಂದು ಹೊರಟ ಬಾಯಲ್ಲಿ ಬಂದದ್ದು ಅದು.

ಮಾಂತು ಕೊಂಡಿಯನ್ನು ಕೈಯಲ್ಲಿ ತಿರುವಿದ. "ಹೋಗು ಅಂದ್ರ ಹೋಗೂದು, ಬಾ ಅಂದ್ರ ಬರೂದು, ನನಗೇನು ಆಗ್ತದ್ರಿ ಮಾಮಾ. ಆದರ ಅಕ್ಕನ್ನ ಕೇಳ್ರಿ. ಅಕಿ ಬಾ ಅಂದ್ರ ಬರ್ತೀನಿ." ಅಷ್ಟು ಹೇಳಿ ಕುಕ್ಕರುಗಾಲಲ್ಲಿ ಕೂತು ಮತ್ತೆ ತಂತಿ ಸುತ್ತತೊಡಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗೂಳಪ್ಪನಿಗೆ ಮೆಟ್ಟಿಲಿಳಿಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮನೆ ಮುಟ್ಟುವಾಗ ಏಳು ಗಂಟೆ. ಭೀಮವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಚಪ್ಪಲಿಯ ಸದ್ದು ಕೇಳಿ, ತಲೆಯೆತ್ತದೆ, ದಿನದಂತೆ ಕೇಳಿದಳು.

"ಬಾನೆಟ್ ಕುಂತಿತೇನ್ರಿ?"

"ಕುಂತಿತು."

ತಟ್ಟುವ ಕೈ ಒಂದು ಕ್ಷಣ ನಿಂತು ಮತ್ತೆ ತಟ್ಟಿತು. ಗೂಳಪ್ಪ ಬಾಗಿಲಲ್ಲೇ ನಿಂತಿದ್ದ. "ಮಾಂತೂನ ಕಡೆ ಹೋಗಿದ್ದೆ. ಕೆಲಸಕ್ಕ ಬಾ ಅಂದೆ."

"ಏನಂದ?"

"ಅಕ್ಕನ್ನ ಕೇಳ್ರಿ ಅಂದ."

"ಕೇಳ್ರಿ ಹಂಗಾರ" ಎಂದಳು ಭೀಮವ್ವ.

ಮೂವತ್ತನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಅವನು ಹೇಳಿದ್ದೇ ಹೊರತು ಕೇಳಿದ್ದಿಲ್ಲ. ನೀರು ತಾ ಎಂದಿದ್ದ, ಸುಮ್ಮನಿರು ಎಂದಿದ್ದ, ನಿನ್ನ ತಮ್ಮನ ಹೆಸರು ಎತ್ತಬೇಡ ಎಂದಿದ್ದ. ಕೇಳುವ ಮಾತು ಎಲ್ಲಿಂದ ಶುರುವಾಗುತ್ತದೆ ಎಂದು ಅವನಿಗೆ ತಿಳಿಯಲಿಲ್ಲ. ಭೀಮವ್ವ ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು, ಒಲೆ ಆರಿಸಿದಳು, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಅವನ ಕಡೆಗೆ ತಿರುಗಿ ಕಾದು ಕೂತಳು.